ಕತ್ತರಿಸದೆ ಬಿಟ್ಟ ಮೆಟ್ಟಿಲು

“ನನ್ನ ಮೋಡ ಎಲ್ಲಿ ಹೋಯ್ತು?”

ಬಾಗಿಲು ತಟ್ಟದೆ ಒಳಗೆ ಬಂದ ಮನುಷ್ಯ ಕೇಳಿದ ಮೊದಲ ಮಾತು ಅದು. ಎಡಿಟಿಂಗ್ ರೂಮಿನ ಅರೆಗತ್ತಲಲ್ಲಿ ನಾನು ಬಿಸ್ಕತ್ತು ತಿನ್ನುತ್ತಾ ಕೂತಿದ್ದೆ. ಅವನ ಮೊಣಕೈವರೆಗೆ ನೀಲಿ ಬಣ್ಣ, ಕೂದಲಲ್ಲಿ ಹತ್ತಿಯ ಎಳೆ, ಕಿವಿಯ ಮೇಲೊಂದು ಪೆನ್ಸಿಲ್. ಅಷ್ಟು ಸಿಟ್ಟಿನಲ್ಲಿ ಬಂದಿದ್ದರೂ ಚಪ್ಪಲಿಗಳನ್ನು ಬಾಗಿಲ ಹೊರಗೆ ಜೋಡಿಸಿಟ್ಟು ಬಂದಿದ್ದ. ಸಿಟ್ಟು ನೆತ್ತಿಗೇರಿದಾಗಲೂ ಚಪ್ಪಲಿ ನೆಟ್ಟಗೆ ಬಿಡುವ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

“ಯಾವ ಮೋಡ?” ಅಂದೆ, ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ.

“ಅಡುಗೆಮನೆ ಮೋಡ. ಹತ್ತಿ ಹಿಂಜಿ ಹಿಂಜಿ ನಮ್ಮವರ ಉಗುರು ಸವೆದು ಹೋಗಿದೆ ಕಣ್ರೀ. ಅದು ಸಿನಿಮಾದಲ್ಲಿ ಕಣ್ಣು ಮಿಟುಕಿಸೋ ಅಷ್ಟು ಹೊತ್ತೂ ಇಲ್ಲವಂತೆ!”

“ಮಿಟುಕಿಸದೆ ನೋಡಿ. ಕಾಣುತ್ತೆ.”

ಅವನು ನನ್ನನ್ನೇ ದುರುಗುಟ್ಟಿ ನೋಡಿದ. ನಾನು ಬಿಸ್ಕತ್ತು ಮುಗಿಸಿದೆ.

ಆ ಸಿನಿಮಾದ ಬಗ್ಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಜಗಳ ನಿಮಗೆ ಹುಚ್ಚರ ಸಂತೆ ಅನಿಸಬಹುದು. ಬ್ರೆಡ್ ಅಂಗಡಿಯ ಒಬ್ಬಳು ಹುಡುಗಿಗೂ ಲಿಫ್ಟ್ ನಡೆಸುವ ಒಬ್ಬ ಹುಡುಗನಿಗೂ ಪ್ರೀತಿ ಆಗುತ್ತದೆ. ಪ್ರೀತಿ ಹೆಚ್ಚಾದಂತೆ ಅವರ ಸುತ್ತಲಿನ ವಸ್ತುಗಳ ತೂಕ ಕಡಿಮೆಯಾಗುತ್ತಾ ಹೋಗುತ್ತದೆ. ಕುರ್ಚಿಗಳು ತೇಲುತ್ತವೆ, ಅಡುಗೆಮನೆಯ ಸೂರಿನ ಕೆಳಗೆ ಮೋಡ ಕಟ್ಟುತ್ತದೆ, ಟೀ ಕಪ್ಪುಗಳು ಮೇಜು ಬಿಟ್ಟು ಗೋಡೆಯ ಮೇಲೆ ನಡೆಯುತ್ತವೆ, ಹಾಸಿಗೆ ಹಾರಿಹೋಗದಂತೆ ಕಿಟಕಿಗೆ ಹಗ್ಗ ಬಿಗಿಯಬೇಕಾಗುತ್ತದೆ. ಜಗಳವಾದರೆ ಎಲ್ಲವೂ ಭಾರ. ಒಂದು ಚಮಚ ಎತ್ತಲು ಇಬ್ಬರು ಬೇಕು.

ಇದರಲ್ಲಿ ಒಂದೇ ಒಂದು ಶಾಟ್ ಕೂಡ ಕಂಪ್ಯೂಟರಿನಲ್ಲಿ ಮಾಡಬಾರದು ಅಂತ ಡೈರೆಕ್ಟರ್ ಮೇಡಂ ಹಟ ಹಿಡಿದಿದ್ದರು. ಎಲ್ಲವೂ ದಾರ, ತಂತಿ, ಹತ್ತಿ, ಕೀಲು ಮತ್ತು ಮನುಷ್ಯರ ಕೈ. ಆ ಕೈಗಳ ಯಜಮಾನ ಇವನು, ಕಲಾ ನಿರ್ದೇಶಕ. ಸ್ಟುಡಿಯೋದಲ್ಲಿ ಎಲ್ಲರೂ ಮೋಡಪ್ಪ ಅಂತ ಕರೆಯುತ್ತಿದ್ದರು. ಸಿನಿಮಾದ ಎಡಿಟರ್ ಆದ ನನಗೂ ಒಂದು ಅಡ್ಡಹೆಸರಿತ್ತು, ಕತ್ತರಿ. ನಮ್ಮಿಬ್ಬರ ಕೆಲಸ ತಿಳಿದವರಿಗೆ ಈ ಕತ್ತರಿಗೂ ಆ ಮೋಡಕ್ಕೂ ಹೇಗೆ ನಂಟು ಅಂತ ಬಿಡಿಸಿ ಹೇಳಬೇಕಿಲ್ಲ.

“ನೋಡಿ, ಚೆಂದ ಇದೆ ಅನ್ನೋದು ಈ ರೂಮಲ್ಲಿ ಕಾರಣ ಅಲ್ಲ,” ಅಂದೆ. “ನಿಮ್ಮ ಮೋಡ ಬಂದ ತಕ್ಷಣ ಎಲ್ಲರೂ ಮೇಲೆ ನೋಡ್ತಾರೆ. ಕೆಳಗೆ ಹುಡುಗಿ ಅಳ್ತಿರೋದು ಯಾರಿಗೂ ಕಾಣಲ್ಲ.”

“ಮೇಲೆ ನೋಡ್ಲಿ ಅಂತಾನೇ ಮಾಡಿರೋದು.”

“ಹಾಗಾದ್ರೆ ಹುಡುಗಿ ಯಾಕೆ ಬೇಕು? ಮೋಡದ್ದೇ ಸಿನಿಮಾ ಮಾಡಿ. ಕೊನೇಲಿ ಇನ್ನೊಂದು ಮೋಡಾನ ತಂದು ಮದುವೆ ಮಾಡ್ಸಿ.”

ನಗು ಬಂತು ಅವನಿಗೆ. ತುಟಿ ಕಚ್ಚಿ ತಡೆದುಕೊಂಡ, ಆದರೆ ಅದು ಕಣ್ಣಿನಿಂದ ಆಗಲೇ ತಪ್ಪಿಸಿಕೊಂಡಿತ್ತು. ಆಮೇಲೆ ದನಿ ತಗ್ಗಿಸಿ, “ನೀವು ಕಿತ್ತು ಹಾಕಿದ ಭಾಗ ಒಂದ್ಸಲ ಹಾಕಿ. ಆದ್ರೆ ಅವಳ ಮುಖ ನೋಡಬೇಡಿ. ಮೇಲೆ, ಎಡಗಡೆ ಮೂಲೆ ನೋಡಿ,” ಅಂದ.

ಹಾಕಿದೆ. ಹುಡುಗಿ ಒಲೆಯ ಮುಂದೆ ನಿಂತು ಹುಡುಗನಿಗೆ ಹೇಳುತ್ತಾಳೆ, ನನಗೇನೂ ಬೇಜಾರಿಲ್ಲ. ಮೂಲೆಯಲ್ಲಿ ಮೋಡ ತನ್ನನ್ನು ಚೂರೇ ಚೂರು ಒಳಗೆ ಎಳೆದುಕೊಳ್ಳುತ್ತದೆ. ನೀನು ಹೋಗಿ ಬಾ, ಅನ್ನುತ್ತಾಳೆ. ಮತ್ತೆ ಚೂರು. ಅವಳು ಸುಳ್ಳು ಹೇಳಿದಾಗಲೆಲ್ಲ ಮೋಡ ಮುದುಡುತ್ತಿತ್ತು. ಆ ದೃಶ್ಯವನ್ನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ, ಇದು ಮಾತ್ರ ಕಂಡಿರಲಿಲ್ಲ. ನಾನು ಕಣ್ಣುಗಳನ್ನಷ್ಟೇ ನೋಡುವವಳು. ಮೂಲೆಗಳಿಗೆ ಹೋಗುವ ಅಭ್ಯಾಸ ನನಗಿರಲಿಲ್ಲ.

“ಇದು ಸ್ಕ್ರಿಪ್ಟಲ್ಲಿ ಇರ್ಲಿಲ್ಲ,” ಅಂದೆ.

“ಅವಳು ಸುಳ್ಳು ಹೇಳ್ತಾಳೆ ಅಂತ ಇತ್ತಲ್ಲ. ಅದನ್ನೇ ನಾನು ಹತ್ತೀಲಿ ಬರೆದೆ.”

ಮೋಡವನ್ನು ಪೂರ್ತಿ ವಾಪಸ್ ಇಟ್ಟೆ. ಅದರ ಬದಲು ಹುಡುಗಿಯ ಕಣ್ಣೀರು ತೆಗೆದೆ. ಮೋಡ ಇದ್ದ ಮೇಲೆ ಕಣ್ಣೀರು ಯಾಕೆ? ಅವನು ಪಕ್ಕದಲ್ಲಿ ನಿಂತು ನೋಡಿದ, ಸೋತವಳು ಇಷ್ಟು ಬೇಗ ಸೋಲನ್ನು ಕೆಲಸಕ್ಕೆ ಹಚ್ಚುತ್ತಾಳೆ ಅಂದುಕೊಂಡಿರಲಿಲ್ಲವೇನೋ. ಏನೋ ಹೇಳಲು ಹೊರಟು, “ಒಂದು ಬಿಸ್ಕತ್ತು ತಗೊಳ್ಲಾ?” ಅಂದ. ತಗೊಂಡಿದ್ದು ಮೂರು.

ಇವತ್ತಿಗೂ ಆ ಮಧ್ಯಾಹ್ನಕ್ಕೆ ನಾನು ಋಣಿ. ಎಷ್ಟೋ ವರ್ಷ ಸಿನಿಮಾ ಕತ್ತರಿಸಿದವಳಿಗೆ ಪರದೆಗೆ ನಾಲ್ಕು ಮೂಲೆ ಇವೆ ಅಂತ ತೋರಿಸಲು ಒಬ್ಬ ಬರಬೇಕಾಯಿತು.

ಆಮೇಲೆ ಅವನು ದಿನಾ ಬರತೊಡಗಿದ, ದಿನಾ ಒಂದು ದೂರು ಹೊತ್ತುಕೊಂಡು. ತೇಲುವ ಕುರ್ಚಿಯ ಶಾಟ್ ಯಾಕೆ ಚಿಕ್ಕದಾಯಿತು? ಗೋಡೆ ಹತ್ತುವ ಕಪ್ಪುಗಳಲ್ಲಿ ಒಂದು ಕಾಣೆಯಾಗಿದೆ, ಯಾರು ಕದ್ದಿದ್ದು? ಕೆಲವು ಸಲ ಅವನು ಗೆದ್ದ, ಹೆಚ್ಚು ಸಲ ನಾನು ಗೆದ್ದೆ. ಸೋತಾಗ ಮುಖ ಊದಿಸಿಕೊಂಡು ಹೋಗುತ್ತಿದ್ದ, ಊಟದ ಹೊತ್ತಿಗೆ ಡಬ್ಬಿ ಹಿಡಿದು ಮತ್ತೆ ಹಾಜರ್.

ಸಂಜೆ ಬಸ್‌ ಸ್ಟಾಪಿನವರೆಗೆ ಜೊತೆಯಲ್ಲಿ ನಡೆಯುತ್ತಿದ್ದೆವು. ಅಲ್ಲಿ ನಮಗೊಂದು ಆಟವಿತ್ತು. ನಿಂತವರಲ್ಲಿ ಒಬ್ಬರನ್ನು ಆರಿಸಿ, ಅವನು ಬಣ್ಣ ಹೇಳಬೇಕು, ನಾನು ಕಥೆ ಹೇಳಬೇಕು.

“ಆ ಹೆಂಗಸು. ಕೈಚೀಲ ಹಸಿರು, ಹಿಡಿಕೆ ಮಾತ್ರ ಕಂದು. ಹಿಡಿಕೆ ಬೇರೆ ಚೀಲದ್ದು.”

“ಹಳೇ ಚೀಲ ಅವರ ಅತ್ತೆಯದ್ದು. ಚೀಲ ಹರಿದು ಹೋಯ್ತು, ಅತ್ತೇನೂ ಹೋದ್ರು. ಬದುಕಿದ್ದಾಗ ದಿನಾ ಜಗಳ. ಈಗ ಹಿಡಿಕೆ ಬಿಡೋಕೆ ಆಗ್ತಿಲ್ಲ.”

ಅವನು ಸುಮ್ಮನೆ ಆ ಹಿಡಿಕೆಯನ್ನೇ ನೋಡಿದ. “ನೀವು ಸುಳ್ಳು ಹೇಳಿದ್ರೂ ನಂಬಬೇಕು ಅನಿಸುತ್ತೆ ರೀ,” ಅಂದ. ಬಸ್ಸು ಬಂತು. ನಾನು ಹತ್ತಲಿಲ್ಲ. ಮುಂದಿನದರಲ್ಲಿ ಹೋದರಾಯಿತು ಅಂದೆ, ಅದು ಖಾಲಿ ಇರುತ್ತದೆ ಅಂತ ಕಾರಣ ಕೊಟ್ಟೆ. ಈ ಬಸ್ಸೇ ಖಾಲಿ ಇತ್ತು.

ಅವನ ಕೂದಲಲ್ಲಿ ಯಾವಾಗಲೂ ಒಂದು ಹತ್ತಿ ಎಳೆ. ನಾನು ತೆಗೆದುಕೊಡುತ್ತಿದ್ದೆ. ತೆಗೆಯುವಾಗ ಅವನು ಉಸಿರು ಬಿಡದೆ ನಿಲ್ಲುತ್ತಿದ್ದ, ತಲೆಯ ಮೇಲೆ ಗುಬ್ಬಿ ಕೂತವನ ಹಾಗೆ. ಒಂದು ದಿನ ನನಗೆ ಅನುಮಾನ ಬಂತು.

“ಮೋಡದ ಕೆಲಸ ಮುಗಿದು ತಿಂಗಳುಗಟ್ಟಲೆ ಆಯ್ತು. ಈ ಹತ್ತಿ ಎಲ್ಲಿಂದ ಬರುತ್ತೆ?”

“ಹಳೇ ಸ್ಟಾಕು,” ಅಂದ, ಮುಖ ಆ ಕಡೆ ತಿರುಗಿಸಿ.

ಮನೆಯಲ್ಲಿ ಅಕ್ಕನಿಗೆ ಇದನ್ನು ಹೇಳಿದರೆ ಅವಳು ಬಟ್ಟೆ ಮಡಚುವುದು ಬಿಟ್ಟು ನಕ್ಕಳು. “ಹತ್ತಿ ಅಂತೆ, ಹಳೇ ಸ್ಟಾಕಂತೆ! ನಿಮ್ಮಿಬ್ಬರಿಗೂ ಬಾಯಿ ಇಲ್ವೇನೇ?” ಬಾಯಿ ಇತ್ತು. ಅದನ್ನು ಜಗಳಕ್ಕೆ ಮಾತ್ರ ಬಳಸುತ್ತಿದ್ದೆವು.

ಹೀಗಿರುವಾಗ ಮೆಟ್ಟಿಲು ಬಂತು.

ಸಿನಿಮಾದ ಕೊನೆಯಲ್ಲಿ ಹುಡುಗ ಕ್ಷಮೆ ಕೇಳಲು ಹುಡುಗಿಯ ಮನೆಯ ಮೆಟ್ಟಿಲು ಹತ್ತುತ್ತಾನೆ. ಮೋಡಪ್ಪ ಅದಕ್ಕಾಗಿ ಒಂದು ಮೆಟ್ಟಿಲು ಕಟ್ಟಿದ. ಪ್ರತಿ ಹಲಗೆಗೂ ತನ್ನದೇ ಕೀಲು. ಹತ್ತಿದಂತೆ ಅದು ಹಾರ್ಮೋನಿಯಂ ತಿದಿಯ ಹಾಗೆ ಉದ್ದವಾಗುತ್ತದೆ, ಮಡಚಿಕೊಳ್ಳುತ್ತದೆ, ಸುರುಳಿ ಸುತ್ತುತ್ತದೆ, ಹಲಗೆಗಳಿಂದ ಡ್ರಾಯರುಗಳು ತೆರೆದು ಒಳಗಿನಿಂದ ಕಾಗದದ ಹಕ್ಕಿಗಳು ಏಳುತ್ತವೆ. ಕೆಳಗೆ ಅವನೂ ಬಡಗಿಗಳೂ ಅಂಗಾತ ಮಲಗಿ ಹಗ್ಗ ಎಳೆಯುತ್ತಿದ್ದರು. ಸೆಟ್ಟಿಗೆ ಬಂದವರೆಲ್ಲ ಬಾಯಿ ತೆರೆದು ನಿಂತರು. ನಾನೂ ನಿಂತೆ. “ನನ್ನ ಜೀವನದ ಒಳ್ಳೇ ಕೆಲಸ ಇದು,” ಅಂದ, ಬೆನ್ನ ಧೂಳು ಕೊಡವುತ್ತಾ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆದರೆ ಅವನು ಹೆತ್ತಿದ್ದು ಹೆಗ್ಗಣವಾಗಿರಲಿಲ್ಲ. ನಿಜಕ್ಕೂ ಚೆಂದದ ಕೂಸು.

ನನ್ನ ಕೋಣೆಗೆ ಬಂದ ಮೇಲೆ ಅದರ ಕಾಯಿಲೆ ಗೊತ್ತಾಯಿತು. ಹುಡುಗ ಮೇಲೆ ತಲುಪುವಷ್ಟರಲ್ಲಿ ಅವನು ಯಾಕೆ ಬಂದ ಅನ್ನುವುದೇ ಮರೆತುಹೋಗುತ್ತಿತ್ತು. ಮುಖದಲ್ಲಿದ್ದ ಪಶ್ಚಾತ್ತಾಪವನ್ನು ಹಕ್ಕಿಗಳು ಎತ್ತಿಕೊಂಡು ಹೋಗಿರುತ್ತಿದ್ದವು. ಅವನು ‘ತಪ್ಪಾಯ್ತು’ ಅಂದಾಗ ನನಗೆ ಏನೂ ಅನಿಸಲಿಲ್ಲ. ಇಡೀ ಸಿನಿಮಾ ಆ ಒಂದು ಮಾತಿಗಾಗಿ ಕಾದಿತ್ತು.

ಕತ್ತರಿಸಬೇಕು ಅಂತ ಗೊತ್ತಾಯಿತು. ಕೈಯನ್ನು ಕೀಬೋರ್ಡಿನ ಮೇಲೆ ಇಟ್ಟೆ. ಆಗ ಆ ಮಾತು ಕೇಳಿಸಿತು.

ಕ್ಲ್ಯಾಪ್ ಹೊಡೆಯುವ ಮೊದಲೇ ಮೈಕು ಓಡುತ್ತಿರುತ್ತದೆ. ಆ ಹೊತ್ತಿನ ಕೆಮ್ಮು, ಆಕಳಿಕೆ, ಬೈಗುಳ ಎಲ್ಲ ನನ್ನ ಕಿವಿಗೆ ಬೀಳುವುದು ರೂಢಿ. ಮೆಟ್ಟಿಲ ಕೆಳಗಿನಿಂದ ಅವನ ದನಿ, ಪಕ್ಕದಲ್ಲಿ ಮಲಗಿದ ಬಡಗಿಗೆ ಹೇಳುತ್ತಿತ್ತು: “ಇದನ್ನಾದ್ರೂ ಅವಳು ಪೂರ್ತಿ ಇಟ್ಕೊಂಡ್ರೆ ಸಾಕಪ್ಪ. ಬೇರೆ ಯಾರು ಏನಂದ್ರೂ ಪರವಾಗಿಲ್ಲ.”

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡವಳ ಸ್ಥಿತಿ ನನ್ನದು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಡೈರೆಕ್ಟರ್ ಮೇಡಂ ಹತ್ತಿರ ಹೋದರೆ ಅವರು, “ನನಗೆ ಆ ಹಕ್ಕಿಗಳ ಮೇಲೆ ಮೋಹ ಬಂದುಬಿಟ್ಟಿದೆ, ನನ್ನ ಮಾತು ಕೇಳಬೇಡ. ನೀನು ಇಡು ಅಂದ್ರೆ ಇರುತ್ತೆ, ತೆಗಿ ಅಂದ್ರೆ ಹೋಗುತ್ತೆ,” ಅಂದರು. ಅಕ್ಕನನ್ನು ಕೇಳಿದೆ. “ಇಟ್ಬಿಡೇ, ನಿಮ್ಮಪ್ಪನ ಗಂಟೇನು ಹೋಗುತ್ತೆ?” ಅಂದಳು. ನಮ್ಮಿಬ್ಬರದೂ ಒಬ್ಬನೇ ಅಪ್ಪ ಅನ್ನುವುದನ್ನು ಅವಳಿಗೆ ನೆನಪಿಸಲಿಲ್ಲ.

ಕತ್ತರಿಸಿದರೆ ಅವನು ಮತ್ತೆ ಈ ಕೋಣೆಗೆ ಬರಲಾರ ಅಂತ ನನಗೆ ಹೆದರಿಕೆಯಾಯಿತು. ಅಷ್ಟೇ ವಿಷಯ. ಮೆಟ್ಟಿಲನ್ನು ಇದ್ದ ಹಾಗೇ ಬಿಟ್ಟೆ.

ಸ್ಟುಡಿಯೋದ ಚಿಕ್ಕ ಥಿಯೇಟರಿನಲ್ಲಿ ಒಂದು ಮಧ್ಯಾಹ್ನ ತಂಡದವರ ಮನೆಮಂದಿಗೆಲ್ಲ ಸಿನಿಮಾ ತೋರಿಸಿದೆವು. ಇನ್ನೂ ತಿದ್ದಲು ಸಮಯವಿತ್ತು, ಹಾಗಾಗಿ ಹೊರಗಿನವರ ಕಣ್ಣು ಬೇಕಿತ್ತು. ಅವನು ಅಮ್ಮನನ್ನು ಕರೆದುಕೊಂಡು ಬಂದಿದ್ದ. ಬಸ್‌ ಕಂಡಕ್ಟರ್ ಆಗಿ ನಿವೃತ್ತರಾದವರು. ದನಿ ಇನ್ನೂ ಹಿಂದಿನ ಸೀಟಿನವರೆಗೂ ತಲುಪುತ್ತಿತ್ತು, ಟಿಕೆಟ್ ಇಲ್ಲದವನನ್ನು ದೂರದಿಂದಲೇ ಹಿಡಿಯುವ ಕಣ್ಣು.

“ಕತ್ತರಿ ಅಂದ್ರೆ ನೀನೇನಾ?” ಅಂದರು. “ಮನೇಲಿ ದಿನಾ ನಿನ್ನದೇ ದೂರು.”

“ಅಮ್ಮಾ,” ಅಂದ ಅವನು.

“ದೂರು ಹೇಳುವಾಗ ಇವನ ಮುಖ ನೋಡಬೇಕಮ್ಮ ನೀನು. ಬಹುಮಾನ ಬಂದವನ ಹಾಗಿರುತ್ತೆ.”

“ಅಮ್ಮಾ, ಸಿನಿಮಾ ಶುರು ಆಗುತ್ತೆ, ಕೂತ್ಕೋ.”

ಮೋಡ ಮುದುಡಿದಾಗ ಥಿಯೇಟರಿನಲ್ಲಿ ಯಾರೋ ‘ಅಯ್ಯೋ ಪಾಪ’ ಅಂದರು. ಚಮಚ ಭಾರವಾದಾಗ ನಕ್ಕು, ನಗುತ್ತಲೇ ಸುಮ್ಮನಾದರು. ಎಲ್ಲ ಸರಿಯಾಗಿತ್ತು. ಮೆಟ್ಟಿಲು ಬಂತು. ಮೊದಲು ಉದ್ಗಾರ, ಚಪ್ಪಾಳೆ. ಆಮೇಲೆ ಕುರ್ಚಿಗಳ ಕಿರ್ ಕಿರ್ ಸದ್ದು. ಆಮೇಲೆ, ಮೂರನೇ ಸಾಲಿನಿಂದ, ಒಂದು ಗೊರಕೆ. ಅವನ ಹೆತ್ತ ತಾಯಿಯದೇ.

ದೀಪ ಹಾಕಿದಾಗ ಅವರು ಕಣ್ಣುಜ್ಜಿಕೊಂಡು ಮಗನ ಕಡೆ ತಿರುಗಿದರು. “ಎಲ್ಲಾ ಚೆನ್ನಾಗಿದೆ ಕಣೋ. ಆದ್ರೆ ಆ ಹುಡುಗ, ನಾನು ಕಣ್ಣು ಬಿಟ್ಟಾಗಲೆಲ್ಲ ಇನ್ನೂ ಹತ್ತುತ್ತಾನೇ ಇದ್ದ. ಮನೆ ತಪ್ಪಿ ಬಂದಿದ್ನೇನೋ ಪಾಪ, ಯಾರೂ ಹೇಳ್ಲಿಲ್ಲ.”

ಸುತ್ತಲಿನವರು ನಕ್ಕರು. ಅವನೂ ನಕ್ಕ. ನಗುತ್ತಾ ನನ್ನ ಕಡೆ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ, ನಾನು ತಲೆ ತಗ್ಗಿಸಿಬಿಟ್ಟೆ. ಆ ಒಂದು ತಲೆ ತಗ್ಗಿಸುವಿಕೆಯಿಂದ ಅವನಿಗೆ ಎಲ್ಲ ತಿಳಿದುಹೋಯಿತು. ಅಮ್ಮನ ಕೈ ಹಿಡಿದುಕೊಂಡು ಹೊರಟುಹೋದ.

ಮರುದಿನ ಊಟದ ಹೊತ್ತಿಗೆ ಬರಲಿಲ್ಲ. ನಾನು ಡಬ್ಬಿ ತೆರೆದು ಹಾಗೇ ಮುಚ್ಚಿದೆ. ಆಮೇಲೆ ಯಾರೋ ಬಾಗಿಲು ತಟ್ಟಿದರು. ಅವನೇ. ಅಲ್ಲಿಯವರೆಗೆ ಅವನು ಒಮ್ಮೆಯೂ ತಟ್ಟಿ ಬಂದವನಲ್ಲ.

“ಮೆಟ್ಟಿಲು ಯಾಕೆ ಬಿಟ್ರಿ?”

“ಚೆನ್ನಾಗಿದೆ.”

“ಅದು ಈ ರೂಮಲ್ಲಿ ಕಾರಣ ಅಲ್ಲ ಅಂತ ಹೇಳಿದ್ದು ಯಾರು?”

ನಾನು ಕೀಬೋರ್ಡಿನ ಮೇಲೆ ಬಿದ್ದಿದ್ದ ಬಿಸ್ಕತ್ತಿನ ಪುಡಿ ಒರೆಸಿದೆ.

“ಅದು ಕಥೇನ ನುಂಗಿ ಹಾಕಿದೆ. ನಿಮಗೆ ಗೊತ್ತಿತ್ತು ತಾನೇ?”

“ಗೊತ್ತಿತ್ತು.”

“ಯಾವಾಗಿಂದ?”

“ಮೊದಲ ಸಲ ನೋಡಿದಾಗಿಂದ.”

ಅವನು ಸ್ಟೂಲ್ ಎಳೆದು ಕೂತ. ಕೂಗಾಡಿದ್ದರೆ ಚೆನ್ನಾಗಿತ್ತು, ಅದು ನನಗೆ ಅಭ್ಯಾಸ. ಅವನು ಮೆಲ್ಲಗೆ ಮಾತಾಡಿದ.

“ನನ್ನ ಕೆಲಸ ನೋಡಿ ಎಲ್ಲರೂ ವಾಹ್ ಅಂತಾರೆ. ವಾಹ್ ಅಂದು ಊಟಕ್ಕೆ ಹೋಗ್ತಾರೆ. ಕೂತು ಪೂರ್ತಿ ನೋಡಿ, ಇದು ಬೇಕು, ಇದು ಬೇಡ ಅಂದಿದ್ದು ನೀವೊಬ್ರೇ. ಬೇಡ ಅಂದಾಗ ಮೈ ಉರೀತಿತ್ತು. ಆದ್ರೆ ಮನೆಗೆ ಹೋಗಿ ನೆಮ್ಮದಿಯಾಗಿ ಮಲಗ್ತಿದ್ದೆ. ಇವಳು ಇಟ್ಟಿದ್ದಾಳೆ ಅಂದ್ರೆ ಅದು ಇರಬೇಕಾದ್ದೇ ಅಂತ. ಈಗ ಆ ಮೋಡಾನೂ ದಾಕ್ಷಿಣ್ಯಕ್ಕೆ ಇಟ್ರೇನೋ ಅಂತ ಅನುಮಾನ ಬರ್ತಿದೆ.”

“ಮೋಡ ದಾಕ್ಷಿಣ್ಯ ಅಲ್ಲ!” ನನ್ನ ದನಿ ನನಗೇ ಜೋರಾಗಿ ಕೇಳಿಸಿತು. “ಆಣೆ ಮಾಡಿ ಹೇಳ್ತೀನಿ. ಮೋಡ ನನ್ನನ್ನ ಸೋಲಿಸಿ ಒಳಗೆ ಬಂದಿದ್ದು.”

“ಮೆಟ್ಟಿಲು?”

“ಅದೂ ದಾಕ್ಷಿಣ್ಯ ಅಲ್ಲ.”

“ಮತ್ತೆ ಏನು?”

ಕೋಣೆಯಲ್ಲಿ ಕಿಟಕಿ ಇಲ್ಲ, ಇದ್ದಿದ್ದರೆ ಅದರಾಚೆ ನೋಡುತ್ತಾ ಹೇಳುತ್ತಿದ್ದೆ. ಪರದೆಯ ಮೇಲೆ ಮೊದಲ ಮೆಟ್ಟಿಲ ಹತ್ತಿರ ನಿಂತುಹೋದ ಹುಡುಗ ಇದ್ದ. ಅವನನ್ನೇ ನೋಡುತ್ತಾ ಹೇಳಿದೆ.

“ಭಯ. ಕತ್ತರಿಸಿದ್ರೆ ನೀವು ಇಲ್ಲಿಗೆ ಬರೋದು ನಿಲ್ಲಿಸ್ತೀರಿ ಅಂತ. ದೂರು ಹೇಳೋಕೆ ಯಾರೂ ಇರಲ್ಲ ಅಂತ. ಬಡಗಿ ಹತ್ತಿರ ನೀವು ಅಂದಿದ್ದು ಕೇಳಿಸ್ಕೊಂಡೆ ನಾನು. ಅವಳು ಇಟ್ಕೊಂಡ್ರೆ ಸಾಕು ಅಂದಿದ್ದು.”

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ದನಿ ಬಂತು. “ಅದೂ ರೆಕಾರ್ಡ್ ಆಗುತ್ತಾ?”

“ಎಲ್ಲಾ ಆಗುತ್ತೆ. ಬಡಗಿಗೆ ನೀವು ಬೈದಿದ್ದೂ ಇದೆ.”

“ದೇವರೇ.”

“ನೀವು ಇಷ್ಟ ನನಗೆ,” ಅಂದುಬಿಟ್ಟೆ. “ಮೆಟ್ಟಿಲಿಗಿಂತ, ಸಿನಿಮಾಗಿಂತ. ನನ್ನ ಕಣ್ಣಿಗೆ ನೀವು ಮೂಲೆಗಳನ್ನ ತೋರಿಸಿದ್ರಿ. ಈಗ ರಸ್ತೇಲಿ ಯಾವ ಚೀಲ ನೋಡಿದ್ರೂ ಹಿಡಿಕೆ ನೋಡ್ತೀನಿ. ಥ್ಯಾಂಕ್ಸ್ ಅಂತ ಹೇಳೋಕೆ ಗೊತ್ತಾಗ್ಲಿಲ್ಲ, ಅದಕ್ಕೆ ಮೆಟ್ಟಿಲು ಬಿಟ್ಟೆ. ಅದು ತಪ್ಪು. ನಿಮಗೂ ತಪ್ಪು, ಆ ಹುಡುಗನಿಗೂ ತಪ್ಪು.”

ಅವನು ಕೈ ಇಳಿಸಿದ. ಕಿವಿಗಳು ಕೆಂಪಾಗಿದ್ದವು, ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ಮಾತ್ರ ಆ ಮೊದಲ ದಿನ ಕಚ್ಚಿ ಹಿಡಿದಿದ್ದ ನಗು.

“ನಾನು ಆ ಬಡಗಿಗೆ ಹೇಳಿದ್ದು ಮೆಟ್ಟಿಲಿನ ವಿಷಯಾನೇ ಅಲ್ಲ ಅನ್ಸುತ್ತೆ ಈಗ,” ಅಂದ. ಆಮೇಲೆ ಸ್ಟೂಲನ್ನು ನನ್ನ ಕುರ್ಚಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡ. “ಕತ್ತರಿಸು. ನಾನೆಲ್ಲೂ ಹೋಗಲ್ಲ.”

ಅವನು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ನಾನು ಅದನ್ನು ಎತ್ತಿ ಆಡಲಿಲ್ಲ, ಎತ್ತಿದರೆ ವಾಪಸ್ ತಗೊಂಡುಬಿಟ್ಟಾನು ಅಂತ.

ದೃಶ್ಯವನ್ನು ಮೊದಲಿನಿಂದ ಹಾಕಿದೆ. ನಾನು ಹುಡುಗನ ಕಣ್ಣು ನೋಡಿದೆ, ಅವನು ಮೂಲೆಗಳನ್ನು ನೋಡಿದ. ಹಕ್ಕಿಗಳು ಹೋದವು. ಸುರುಳಿ ಹೋಯಿತು. ಒಂದೊಂದು ಹೋದಾಗಲೂ ಅವನ ಉಸಿರು ನನ್ನ ಹೆಗಲಿಗೆ ತಾಗುತ್ತಿತ್ತು.

“ಇಲ್ಲಿ ನಿಲ್ಲಿಸು,” ಅಂದ. “ಹುಡುಗ ಕಾಲಿಟ್ಟಾಗ ಮೊದಲನೇ ಹಲಗೆ ನಡುಗುತ್ತಲ್ಲ, ಅದು ಸಾಕು. ಅಲ್ಲಿಂದ ನೇರ ಬಾಗಿಲಿಗೆ ಹೋಗು. ಅವನಿಗೆ ಎಷ್ಟು ಭಯ ಅನ್ನೋದು ಆ ಹಲಗೆಗೆ ಗೊತ್ತಾಗಿದೆ.”

ಹಾಗೇ ಜೋಡಿಸಿ ನೋಡಿದೆವು. ಹಲಗೆ ನಡುಗಿತು, ಬಾಗಿಲು ತೆರೆಯಿತು, ಹುಡುಗ ‘ತಪ್ಪಾಯ್ತು’ ಅಂದ. ಹುಡುಗಿ ಅವನನ್ನೇ ನೋಡಿದಳು. ಈ ಸಲ ಆ ಮಾತು ನನಗೆ ತಾಗಿತು. ಪಕ್ಕಕ್ಕೆ ನೋಡಿದರೆ ಅವನು ಮೂಲೆ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ.

ಕೊನೆಯ ತುಂಡು ತೆಗೆಯುವುದು ಬಾಕಿ ಇತ್ತು. ಮೆಟ್ಟಿಲು ಪೂರ್ತಿ ಬಿಚ್ಚಿಕೊಂಡು ನಿಲ್ಲುವ ಶಾಟ್, ಎಲ್ಲಕ್ಕಿಂತ ಚೆಂದದ್ದು.

“ನೋವಾಗ್ತಿದೆಯಾ?” ಅಂದೆ.

“ತುಂಬಾ,” ಅಂದ, ಅಂಗೈ ಚಾಚಿದ.

ಆ ಶಾಟನ್ನು ನಾನು ಒಂದೇ ಕೈಯಲ್ಲಿ ಕತ್ತರಿಸಿದೆ. ಇನ್ನೊಂದು ಅವನ ಹತ್ತಿರ ಇತ್ತು.